ಅಕ್ಕಿಯಲ್ಲಿ ಬರೆದ ಹೆಸರು

ಆಲಮೇಲದ ಬಸ್ ಸ್ಟ್ಯಾಂಡಿನ ಎದುರಿಗೆ, ಬೇವಿನ ಮರದ ಬುಡದಲ್ಲಿ, ಪರಮಾನಂದನ ಸೈಕಲ್ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ಒಂದು ತಗಡು, ಕೆಳಗೆ ಬಾಡಿಗೆಯ ಐದು ಸೈಕಲ್ಲು. ತಾಸಿಗೆ ಇಪ್ಪತ್ತು ಪೈಸೆ. ಐದರಲ್ಲಿ ಎರಡಕ್ಕೆ ಬ್ರೇಕು ಇತ್ತು, ಮೂರಕ್ಕೆ ಗಂಟೆ ಇತ್ತು. ಎರಡೂ ಇದ್ದದ್ದು ಒಂದೇ. ಅದನ್ನು ಗುರುತಿನವರಿಗೆ ಕೊಡುತ್ತಿದ್ದ. ಎರಡೂ ಇಲ್ಲದ್ದು ಒಂದಿತ್ತು. ಅದನ್ನು ಪರ ಊರಿನವರಿಗೆ ಕೊಡುತ್ತಿದ್ದ.

ಟ್ಯೂಬಿಗೆ ಎಷ್ಟು ಗಾಳಿ ಬೇಕೋ ಅಷ್ಟೇ ಹಾಕುವ ಮನುಷ್ಯ. ಮಾತೂ ಹಾಗೆಯೇ. ದಿನಕ್ಕೆ ಇಪ್ಪತ್ತು ಮಾತು ಆಡಿದನೆಂದರೆ ಅಂದು ಗಿರಾಕಿ ಜಾಸ್ತಿ ಎಂದು ತಿಳಿಯಬೇಕು. ಅವನ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಊರೆಲ್ಲ ಅವಳನ್ನು ಅಕ್ಕೋರು ಎನ್ನುತ್ತಿತ್ತು. ಮನೆಗೆ ಬೇಕಾದ ಮಾತನ್ನೆಲ್ಲ ಅವಳೇ ಆಡುತ್ತಿದ್ದುದರಿಂದ ಇವನಿಗೆ ಆಡುವ ಪ್ರಸಂಗವೂ ಬಂದಿರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿ, ಶ್ರಾವಣದಲ್ಲಿ, ಅಕ್ಕೋರಿಗೆ ಕಾಮಾಲೆ ಆಯಿತು. ಎಂಟು ದಿನ ಮಲಗಿದಳು. ಒಂಬತ್ತನೆಯ ದಿನ ಇರಲಿಲ್ಲ. ಹಿಂದೆ ಉಳಿದವರು ಒಂಬತ್ತು ವರ್ಷದ ಹೊನ್ನವ್ವ, ನಾಲ್ಕು ವರ್ಷದ ಸುಂದರವ್ವ, ಮತ್ತು ಎಲ್ಲಿ ಉಪ್ಪು ಇದೆ ಎಂಬುದನ್ನು ಹೊನ್ನವ್ವನನ್ನೇ ಕೇಳಬೇಕಾದ ಪರಮಾನಂದ.

ಸತ್ತವರ ಹೆಸರು ಬರೆಸಲು ಅವನು ಚಾವಡಿಗೆ ಹೋದ. ತಲಾಠಿ ಪುಸ್ತಕ ಬಿಚ್ಚಿ ಕೇಳಿದ, "ಹೇಣ್ತಿ ಹೆಸರೇನೋ ಪರಮಾನಂದ?"

ಪರಮಾನಂದ ಬಹಳ ಹೊತ್ತು ಸುಮ್ಮನೆ ನಿಂತ. ತಲಾಠಿ ಅವನಿಗೆ ದುಃಖ ಎಂದುಕೊಂಡ. ದುಃಖ ಇತ್ತು, ಆದರೆ ಅದರ ಜೊತೆಗೆ ಇನ್ನೊಂದು ಪೇಚೂ ಇತ್ತು. ಹನ್ನೆರಡು ವರ್ಷದಲ್ಲಿ ಅವನು ಹೆಂಡತಿಯ ಹೆಸರು ಹಿಡಿದು ಒಮ್ಮೆಯೂ ಕರೆದಿರಲಿಲ್ಲ. "ಏ, ಇಲ್ಲಿ ನೋಡ" ಎಂದರೆ ಅವಳು ನೋಡುತ್ತಿದ್ದಳು, ಅಷ್ಟರಲ್ಲಿ ಸಂಸಾರ ಸಾಗಿತ್ತು. ಮೇಲಾಗಿ ಅವಳಿಗೆ ಇದ್ದದ್ದು ಎರಡು ಹೆಸರು. ತವರಿನಲ್ಲಿ ಇಟ್ಟದ್ದು ರೇಣವ್ವ. ಮದುವೆಯಾಗಿ ಬಂದ ಮನೆಯಲ್ಲಿ, ಆಗಿನ್ನೂ ಬದುಕಿದ್ದ ಪರಮಾನಂದನ ತಾಯಿಯ ಹೆಸರೂ ರೇಣವ್ವ. ಒಂದೇ ಮನೆಯಲ್ಲಿ ಇಬ್ಬರು ರೇಣವ್ವ ಇದ್ದರೆ ಕೆಲಸಕ್ಕೆ ಕರೆದಾಗ ಇಬ್ಬರೂ ಓ ಅನ್ನುವುದಿಲ್ಲ, ಊಟಕ್ಕೆ ಕರೆದಾಗ ಇಬ್ಬರೂ ಬರುತ್ತಾರೆ. ಅದಕ್ಕೆ ಹಿರಿಯರು ಸೊಸೆಗೆ ಹೊಸ ಹೆಸರು ಆರಿಸಿದರು. ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಯಲ್ಲಿ ಉಂಗುರ ಕೊಟ್ಟು ಬರೆಸಿದರು: ಸುಮಿತ್ರಾಬಾಯಿ. ನಾಲ್ಕನೇ ಇಯತ್ತೆ ಓದಿದ ಪರಮಾನಂದ ಒತ್ತಕ್ಷರದಲ್ಲಿ ಎಡವಿ, ಅಕ್ಕಿ ಸರಿಸಿ, ಎರಡನೆಯ ಸಲ ಸರಿಯಾಗಿ ಬರೆದ. ಅಲ್ಲಿಂದ ಮುಂದೆ ಆ ಹೆಸರನ್ನು ಯಾರೂ ಬಳಸಲಿಲ್ಲ. ಪೆಟ್ಟಿಗೆಯಲ್ಲಿ ಮಡಿಚಿಟ್ಟ ಇಳಕಲ್ ಸೀರೆಯ ಹಾಗೆ ಅದು ಹಾಗೇ ಹೊಸದಾಗಿ ಉಳಿಯಿತು.

ಚಾವಡಿಯಲ್ಲಿ ನಿಂತಾಗ ಅವನಿಗೆ ಅನಿಸಿದ್ದು ಇಷ್ಟು: ಅವಳಿಗೆ ತಾನು ಕೊಟ್ಟದ್ದು ಅಂತ ಇದೊಂದು ಹೆಸರು. ಹೇಳುವುದಾದರೆ ಇದನ್ನೇ ಹೇಳಬೇಕು.

"ಸುಮಿತ್ರಾಬಾಯಿ," ಎಂದ. ತಲಾಠಿ ಬರೆದುಕೊಂಡ. ಎಡವಟ್ಟು ಅಲ್ಲಿಂದ ಶುರುವಾಯಿತು.

ದಿನಕರ್ಮ ಮುಗಿದ ಮರುದಿನ ಪರಮಾನಂದನ ಅತ್ತೆ, ಸತ್ತವಳ ತಾಯಿ ಸಾವಂತ್ರವ್ವ, ಪಡಸಾಲೆಯಲ್ಲಿ ಕಂಬಕ್ಕೆ ಆತು ಕುಳಿತಳು. ಇಂಡಿ ತಾಲೂಕಿನ ಅಗರಖೇಡದವಳು. ಅಳಿಯನ ಎದುರು ಸೆರಗು ತಲೆಯ ಮೇಲಿರುತ್ತಿತ್ತು, ಮಾತಿಗೆ 'ರೀ' ಇರುತ್ತಿತ್ತು; ಆ ಎರಡು ಮರ್ಯಾದೆ ಬಿಟ್ಟರೆ ಮೂರನೆಯದನ್ನು ಅವಳು ಇಟ್ಟುಕೊಂಡಿರಲಿಲ್ಲ.

"ಅಳಿಯಂದ್ರ, ಎದುರ ಮಾತಾಡ್ತೇನಂತ ಬ್ಯಾಸರಾ ಮಾಡಬ್ಯಾಡ್ರಿ. ಎರಡೂ ಹೆಣ್ಣಕೂಸು. ನಿಮ್ಮ ಕೈ ನೋಡಿದ್ರ ಮಣಕೈತನಾ ಎಣ್ಣಿ. ಹುಡುಗ್ಯಾರನ್ನ ನಾ ನಮ್ಮೂರಿಗೆ ಕರಕೊಂಡ ಹೋಗ್ತೇನಿ."

"ಬ್ಯಾಡ್ರಿ," ಎಂದ ಪರಮಾನಂದ.

"ಬ್ಯಾಡಂದ್ರ ರೊಟ್ಟಿ ಯಾರ ಬಡೀತಾರ?"

"ನಾ ಬಡೀತೇನ್ರಿ."

ಸಾವಂತ್ರವ್ವ ಅಳಿಯನ ಮುಖ ನೋಡಿದಳು. ಸಾವಾದ ಮನೆ ಎಂದು ನಗು ತಡೆದಳು, ಆದರೆ ಸೆರಗಿನೊಳಗೆ ಹೊಟ್ಟೆ ಅಲುಗಾಡಿದ್ದು ಕಂಡಿತು.

"ಆತು. ದೀಪಾವಳಿ ಪಾಡ್ಯಾದ ಮರುದಿನಾ ಬರ್ತೇನಿ. ಹುಡುಗ್ಯಾರ ತಲಿ ಬಾಚಿರಬೇಕು. ಒಲಿ ಮ್ಯಾಲ ನಿಮ್ಮ ಕೈಯಾಗಿನ ರೊಟ್ಟಿ ಇರಬೇಕು, ಮಂದಿ ಮನೀದಲ್ಲ. ಬಾಗಲದಾಗ ಸಾಲಾ ಕೊಟ್ಟಾಂವ ನಿಂತಿರಬಾರದು. ಈ ಮೂರರಾಗ ಒಂದ ತಪ್ಪಿದ್ರೂ ಹುಡುಗ್ಯಾರು ನನ್ನ ಸಂಗಾಟ ಬಸ್ ಹತ್ತತಾರ."

"ಹೌದ್ರಿ," ಎಂದ ಪರಮಾನಂದ. ಅದು ಅವನ ಅಂದಿನ ಕೊನೆಯ ಮಾತು.

ರೊಟ್ಟಿ ಕಲಿಸಿದವಳು ಪಕ್ಕದ ಮನೆಯ ಮಾಬುಬಿ. ಎರಡೂ ಹಿತ್ತಲ ನಡುವೆ ಎದೆಮಟ್ಟದ ಗೋಡೆ. ಆಕೆ ಆ ಕಡೆ ನಿಂತು ಹೇಳಬೇಕು, ಈತ ಈ ಕಡೆ ಒಲೆ ಮುಂದೆ ಕುಳಿತು ಮಾಡಬೇಕು.

"ಪರಮಣ್ಣಾ, ಎಸರು ಕುದೀಲಿ. ಕುದಿಯೋ ನೀರ ಹಾಕಿದ್ರಷ್ಟ ಹಿಟ್ಟಿಗೆ ಜಿಗಿ ಬರ್ತೈತಿ. ಹಾಂ, ಈಗ ನಾದು. ನಾದು ಅಂದ್ನಿ, ಗುದ್ದು ಅನ್ನಲಿಲ್ಲ!"

ಮೊದಲ ದಿನ ಎರಡು ಸೇರು ಹಿಟ್ಟಿನಲ್ಲಿ ಏಳು ರೊಟ್ಟಿ ಆದವು. ಮೂರು ತಿನ್ನಲು ಬಂದವು, ಎರಡನ್ನು ಮಾಬುಬಿಯ ಆಡು ತಿಂದಿತು, ಉಳಿದ ಎರಡನ್ನು ಆಡೂ ಮೂಸಿ ನೋಡಿ ಬಿಟ್ಟಿತು. ನಾಲ್ಕನೆಯ ದಿನ ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬತೊಡಗಿತು. ಪರಮಾನಂದ ಉಸಿರು ಬಿಗಿಹಿಡಿದು ನೋಡಿದ. ಅಷ್ಟರಲ್ಲಿ ಒಂದು ಕಡೆಯಿಂದ ಸುಯ್ ಎಂದು ಹಬೆ ಹೊರಟು ರೊಟ್ಟಿ ಚಪ್ಪಟೆಯಾಯಿತು.

"ಪಂಚರ್," ಎಂದ. ಒಂದು ಚಿಟಿಕೆ ಹಸಿ ಹಿಟ್ಟು ತೆಗೆದುಕೊಂಡು, ನೀರು ಸವರಿ, ಹಬೆ ಹೋದ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ರೊಟ್ಟಿ ಮತ್ತೆ ಉಬ್ಬಿತು.

ಮಾಬುಬಿ ಗೋಡೆ ಹಿಡಿದು ಅಲ್ಲೇ ಕುಸಿದು ಕುಳಿತಳು. "ಯಾ ಅಲ್ಲಾ! ರೊಟ್ಟಿಗೆ ತ್ಯಾಪಿ ಹಚ್ಚೋದನ್ನ ಇವತ್ತ ನೋಡಿದ್ನೆವ್ವಾ!"

ಅಂದಿನಿಂದ ಪರಮಾನಂದನ ರೊಟ್ಟಿಗೆ ಒಂದಾದರೂ ತೇಪೆ ಇರುತ್ತಿತ್ತು. ಸುಂದರವ್ವ ಮೊದಲು ತೇಪೆ ಕಿತ್ತು ತಿಂದು ಆಮೇಲೆ ರೊಟ್ಟಿಗೆ ಕೈ ಹಾಕುವಳು. ಅಲ್ಲಿ ಹಿಟ್ಟು ದಪ್ಪ, ಸ್ವಲ್ಪ ಹಸಿ, ಅವಳಿಗೆ ಅದೇ ರುಚಿ.

ತಲೆ ಬಾಚುವುದು ಇನ್ನೂ ಕಷ್ಟವಾಯಿತು. ಚಕ್ರದ ಕಡ್ಡಿ ಬಿಗಿಯುವ ಕೈ. ಹೊನ್ನವ್ವನ ಎರಡು ಜಡೆಯನ್ನು ಅದೇ ಲೆಕ್ಕದಲ್ಲಿ ಎಳೆದು ಬಿಗಿಯುತ್ತಿದ್ದ. ಪಾಪ, ಹುಡುಗಿಯ ಹುಬ್ಬು ಮೇಲಕ್ಕೆ ಹೋಗಿ ಸಂಜೆಯ ತನಕ ಅಲ್ಲೇ ನಿಲ್ಲುತ್ತಿದ್ದವು. ಶಾಲೆಯಲ್ಲಿ "ಯಾಕ ಗಾಬರಿ ಆಗೀಯಾ?" ಎಂದು ದಿನಾ ಕೇಳುತ್ತಿದ್ದರು. ಸಣ್ಣವಳನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ. ಹೀಗಾಗಿ ಅಂಗಡಿಯಲ್ಲಿ ಬೋರಲು ಹಾಕಿದ ಡಬ್ಬದ ಮೇಲೆ ಕೂರಿಸುತ್ತಿದ್ದ. ಗಂಟೆ ಇದ್ದ ಮೂರು ಸೈಕಲ್ಲಿನ ಗಂಟೆ ಬಾರಿಸುವುದು ಅವಳ ಕೆಲಸ. ಅತ್ತರೆ ಪಂಪಿನಿಂದ ಮುಖಕ್ಕೆ ಗಾಳಿ ಹೊಡೆಯುತ್ತಿದ್ದ, ನಗುತ್ತಿದ್ದಳು. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಅಂಗಡಿ ಮುಚ್ಚಿ ಮನೆಗೆ ಹೋಗಿ ಇಬ್ಬರಿಗೂ ಉಣ್ಣಿಸಿ ಬರಬೇಕು. ಬಸ್ಸಿನಿಂದ ಇಳಿದ ಗಿರಾಕಿ ಆ ಹೊತ್ತಿಗೇ ಸೈಕಲ್ಲು ಬೇಕೆಂದು ಬರುವುದು. ಮೊದಲು ದಿನಕ್ಕೆ ನಾಲ್ಕು ರೂಪಾಯಿ ಆಗುತ್ತಿದ್ದದ್ದು ಎರಡೂವರೆಗೆ ಇಳಿಯಿತು.

ಮೂರನೆಯದು ಸಾಲ. ಆ ಐದು ಸೈಕಲ್ಲನ್ನು ಕೊಂಡದ್ದೇ ಅಕ್ಕೋರು ತನ್ನ ಪಗಾರದ ಮೇಲೆ ಸೊಸೈಟಿಯಿಂದ ಎತ್ತಿದ ಏಳುನೂರು ರೂಪಾಯಿಯಲ್ಲಿ. ಮುನ್ನೂರು ಮುಟ್ಟಿತ್ತು, ನಾನೂರು ಬಾಕಿ. ಜಾಮೀನು ನಿಂತವರು ಶಾಲೆಯ ಹೆಡ್‌ಮಾಸ್ತರ ಶ್ರೀಶೈಲಪ್ಪನವರು. ಅಕ್ಕೋರ ಪಗಾರ ನಿಂತ ತಿಂಗಳಿಂದ ಮೂವತ್ತೈದು ರೂಪಾಯಿ ಮಾಸ್ತರ ಪಗಾರದಲ್ಲಿ ಕಡಿತ ಆಗತೊಡಗಿತು. ಮಾಸ್ತರು ಸಂಭಾವಿತರು. ಎಂದೂ ಕೇಳಲಿಲ್ಲ. ಪಗಾರದ ಮರುದಿನ ಪರಮಾನಂದನ ಮನೆ ಬಾಗಿಲಿಗೆ ಬಂದು, "ಸುಮ್ನ ಬಂದೆ," ಎಂದು ನಿಲ್ಲುತ್ತಿದ್ದರು ಅಷ್ಟೇ. ಕುಳಿತುಕೊಳ್ಳಿರಿ ಎಂದರೆ ಕೂರುತ್ತಿರಲಿಲ್ಲ. ಕೇಳಿದ್ದರೆ ಪರಮಾನಂದನಿಗೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಒಂದೇ ದಾರಿ ಇತ್ತು. ನೌಕರಿಯಲ್ಲಿದ್ದವಳು ಸತ್ತರೆ ಮನೆಯವರಿಗೆ ತಿಂಗಳಿಗೆ ಇಷ್ಟು ಎಂದು ಪೆನ್ಶನ್, ಅವಳ ಫಂಡಿನ ಹಣ ಬೇರೆ. ಮಾಸ್ತರೇ ಅರ್ಜಿ ಬರೆದು, ಚಾವಡಿಯ ದಾಖಲೆ ಜೋಡಿಸಿ ಸಿಂದಗಿಯ ಕಚೇರಿಗೆ ಕಳಿಸಿದ್ದರು. ದಾಖಲೆ ನಾಲ್ಕು ಮಡಿಕೆ ಮಡಿಚಿತ್ತು. ಅದನ್ನು ಬಿಚ್ಚಿ ಓದುವ ಗೋಜಿಗೆ ಮಾಸ್ತರು ಹೋಗಿರಲಿಲ್ಲ.

ಮಹಾನವಮಿಯ ಹೊತ್ತಿಗೆ ಉತ್ತರ ಬಂತು. ಮಾಸ್ತರು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದವರು, ಅಂದು ಮಾತ್ರ ಹೇಳಿಸಿಕೊಳ್ಳದೆಯೇ ಕುಳಿತರು.

"ಪರಮಾನಂದ, ಇದು ರೇಣವ್ವನ ಹೆಸರಿಗೆ ಬಂದೈತಿ. 'ತಾವು ಆಗಸ್ಟ್ ಹನ್ನೆರಡರಿಂದ ಪರವಾನಗಿ ಇಲ್ಲದೆ ಗೈರುಹಾಜರಿದ್ದೀರಿ. ಏಳು ದಿನದೊಳಗೆ ಖುದ್ದು ಹಾಜರಾಗಿ ಕಾರಣ ತಿಳಿಸಬೇಕು.'"

"ಖುದ್ದು?"

"ಖುದ್ದು ಅಂತನ ಐತಪಾ. ನಾ ಎರಡ ಸಲ ಓದಿದೆ."

ಪರಮಾನಂದ ಅಂಗಡಿ ಮುಚ್ಚಿ, ಸಣ್ಣವಳನ್ನು ಮಾಬುಬಿಗೆ ಒಪ್ಪಿಸಿ ಸಿಂದಗಿಗೆ ಹೋದ. ಕಚೇರಿಯಲ್ಲಿ ಬಸಂತರಾಯ ಎಂಬ ಕ್ಲಾರ್ಕು. ಒಳ್ಳೆಯವನೇ, ಎದುರಿಗಿದ್ದವರಿಗೆ ತಿಳಿಯುವಂತೆ ನಿಧಾನ ಹೇಳುವನು.

"ನೋಡಪಾ. ನಿನ್ನ ಚಾವಡಿ ಕಾಗದಾ ಏನ ಹೇಳತೈತಿ? ಸುಮಿತ್ರಾಬಾಯಿ ಸತ್ಲು ಅಂತ. ಸುಮಿತ್ರಾಬಾಯಿ ಅನ್ನಾಕಿ ನಮ್ಮಲ್ಲಿ ಎಂದೂ ನೌಕರಿ ಮಾಡಿಲ್ಲ. ನೌಕರಿ ಮಾಡಿದಾಕಿ ರೇಣವ್ವ. ಸಾಲಿ ದಾಖಲೆದಾಗ ಹ್ಯಾಂಗ ಐತೋ ಹಂಗ, ತಂದಿ ಹೆಸರು ಚಂದ್ರಾಮ. ಅಕಿ ಸತ್ತಾಳಂತ ಎಲ್ಲೂ ಬರದಿಲ್ಲ. ಸಾಯದಾಕಿ ಪೆನ್ಶನ್ ನಿನಗ ಹ್ಯಾಂಗ ಕೊಡೂಣು?"

"ಇಬ್ರೂ ಒಬ್ಬಾಕೀನ ರೀ."

"ಯಾರ ಹೇಳ್ತಾರ?"

"ನಾ ಹೇಳ್ತೇನ್ರಿ. ಹೆಸರ ಬರದಾಂವ ನಾನ ರೀ."

"ಎದರಾಗ ಬರದಿ?"

"ಅಕ್ಕ್ಯಾಗ ರೀ."

ಬಸಂತರಾಯ ಪೆನ್ನು ಕೆಳಗಿಟ್ಟ. "ಅಕ್ಕಿ ಎಲ್ಲೈತಿ?"

"ಅನ್ನಾ ಮಾಡ್ಯಾರ್ರಿ. ಹನ್ನೆರಡ ವರ್ಷ ಆತು."

ಬಸಂತರಾಯ ನಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಕ್ಕು ಮುಗಿದ ಮೇಲೆ ದಾರಿ ಹೇಳಿಕೊಟ್ಟ. ಹಣ ಮುಟ್ಟುವವನ ಮಾತು ನಡೆಯುವುದಿಲ್ಲ. ತವರುಮನೆಯ ಹಿರಿಯರು ಯಾರಾದರೂ, ಎರಡೂ ಹೆಸರು ಬಲ್ಲವರು, ಸಾಹೇಬರ ಮುಂದೆ ಬಂದು ಇಬ್ಬರೂ ಒಬ್ಬಳೇ ಎಂದು ಹೇಳಿಕೆ ಕೊಡಬೇಕು. ಇನ್ನೊಂದು ಫಾರಮ್ಮನ್ನೂ ಕೊಟ್ಟ. ಅದರಲ್ಲಿ 'ಅರ್ಜಿದಾರಳಾದ ವಿಧವೆ' ಎಂದು ಅಚ್ಚಾಗಿತ್ತು. "ಗಂಡಸ ಮಗಾ ಬಂದದ್ದು ನೀನ ಮೊದಲ," ಎಂದು 'ವಿಧವೆ' ಹೊಡೆದು ಹಾಕಿ, ಮೇಲೆ ಏನು ಬರೆಯಬೇಕೆಂದು ಹೊಳೆಯದೆ, 'ಗಂಡ' ಎಂದು ಬರೆದ.

ತವರುಮನೆಯ ಹಿರಿಯರು ಎಂದರೆ ಯಾರು? ಮಾವ ಚಂದ್ರಾಮ ಸತ್ತು ಆರು ವರ್ಷ. ಮದುವೆಯಲ್ಲಿ ತಾಟು ಹಿಡಿದ ಹಿರಿಯರೂ ಇಲ್ಲ. ಉಳಿದವಳು ಒಬ್ಬಳೇ: ಮಕ್ಕಳನ್ನು ಕರೆದುಕೊಂಡು ಹೋಗಲು ದೀಪಾವಳಿಯ ದಾರಿ ಕಾಯುತ್ತಿದ್ದ ಸಾವಂತ್ರವ್ವ.

ಹೋಗದೆ ಗತಿ ಇರಲಿಲ್ಲ. ಇಂಡಿಗೆ ಒಂದು ಬಸ್ಸು, ಅಲ್ಲಿಂದ ಅಗರಖೇಡಕ್ಕೆ ಇನ್ನೊಂದು. ಸಾವಂತ್ರವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಬೆಲ್ಲ ನೀರು ಕೊಟ್ಟಳು. ಅಳಿಯ ಬಂದದ್ದರ ಕಾರಣ ಹೇಳಿದ. ಪರಮಾನಂದ ಜನ್ಮದಲ್ಲೇ ಅಷ್ಟು ಉದ್ದ ಮಾತಾಡಿರಲಿಲ್ಲ. ನಡುವೆ ಎರಡು ಸಲ ನೀರು ಕುಡಿದ.

ಸಾವಂತ್ರವ್ವ ಮೊರ ಕೆಳಗಿಡದೆ ಕೇಳಿದಳು, "ಸುಮಿತ್ರಾಬಾಯಿ? ಅಕಿ ಯಾರ್ರಿ?"

"ಅತ್ತಿಯವರ, ನಿಮಗ ಗೊತ್ತೈತ್ರಿ."

"ನನಗ ಗೊತ್ತಿಲ್ಲ. ರೇಣವ್ವ ನನ್ನ ಹಡದವ್ವನ ಹೆಸರು. ಅದನ್ನ ಮಗಳಿಗೆ ಇಟ್ಟೆ. ನಿಮ್ಮ ಮನಿಗೆ ಕಳಿಸಿದ್ರ ಹೊಚ್ಚಲದ ಹೊರಗ ಚಪ್ಪಲಿ ಬಿಡಿಸಿದಂಗ ಆ ಹೆಸರ ಬಿಡಿಸಿದ್ರಿ. ಅವತ್ತ ನಾ ಊಟಕ್ಕ ಕೂಡಲಿಲ್ಲ, ನೆನಪೈತಿಲ್ಲೋ? ನಿಮಗ್ಯಾಕ ನೆನಪಿರತೈತಿ, ನೀವು ಕುಂತಿದ್ರಿ. ಆ ಹೆಸರು ನಾ ಬಾಯಾಗ ತರೂದಿಲ್ಲ."

"ಈಗ ತಂದೀರಲ್ರಿ," ಎಂದ ಪರಮಾನಂದ.

ಸಾವಂತ್ರವ್ವ ಮೊರ ಒಂದು ಸಲ ಜೋರಾಗಿ ಕೊಡವಿದಳು. ಹೊಟ್ಟು ಅಳಿಯನ ಮೇಲೆ ಬಿತ್ತು.

"ಇನ್ನೊಂದ ಹೇಳ್ತೇನಿ, ಮುಚ್ಚುಮರಿ ಇಲ್ಲ. ನಾ ಸಾಕ್ಷಿ ಹೇಳಿದ್ರ ನಿಮಗ ರೊಕ್ಕಾ ಬರ್ತೈತಿ. ರೊಕ್ಕಾ ಬಂದ್ರ ಸಾಲಾ ತೀರತೈತಿ. ಸಾಲಾ ತೀರಿದ್ರ ಹುಡುಗ್ಯಾರು ನಿಮ್ಮ ಹತ್ರ ಉಳೀತಾರ. ನನಗ ಹುಡುಗ್ಯಾರು ಬೇಕು. ನಾ ಯಾಕ ಹೇಳಲಿ?"

ಪರಮಾನಂದ ಯೋಚಿಸಿದ. ಎಲ್ಲಿಯೂ ತಪ್ಪು ಕಾಣಲಿಲ್ಲ. "ಖರೇ ಐತ್ರಿ," ಎಂದು ಮೈಮೇಲಿನ ಹೊಟ್ಟು ಝಾಡಿಸಿಕೊಂಡು ಎದ್ದ. ಹೊರಡುವಾಗ ಸಾವಂತ್ರವ್ವ ಮಕ್ಕಳು ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿಯ ಗಂಟು ಕಟ್ಟಿಕೊಟ್ಟಳು. ಅವನಿಗೆಂದು ಬುತ್ತಿಯನ್ನೂ ಕಟ್ಟಿದಳು. ಜಗಳ ಬೇರೆ, ಬುತ್ತಿ ಬೇರೆ.

ದೀಪಾವಳಿ ಬಂತು. ಪಾಡ್ಯದ ಮರುದಿನ, ಹೇಳಿದ ಮಾತು ತಪ್ಪದೆ, ಸಾವಂತ್ರವ್ವ ಮೊದಲ ಬಸ್ಸಿಗೆ ಇಳಿದಳು. ಮೂರು ದಿನ ಇದ್ದಳು. ಮೊದಲು ಹುಡುಗಿಯರನ್ನು ಬಿಸಿಲಿಗೆ ಕೂರಿಸಿ ತಲೆ ನೋಡಿದಳು. ಬಹಳ ಹುಡುಕಿದಳು. ಎರಡು ಹೇನು ಸಿಕ್ಕವು. ಎರಡೇ ಸಿಕ್ಕವಲ್ಲ ಎಂದು ಅವಳಿಗೆ ಸ್ವಲ್ಪ ಬೇಸರವೇ ಆಯಿತು. ಹೊನ್ನವ್ವನ ಜಡೆ ಹಿಡಿದು ಎಳೆದು ನೋಡಿ, "ಇದೇನ ಹಗ್ಗ ಹೊಸದಾರೇನ ನಿಮ್ಮಪ್ಪ?" ಎಂದಳು.

"ಈಗ ಸಡಲ ಮಾಡ್ತಾನ ಆಯಿ," ಎಂದಳು ಹೊನ್ನವ್ವ. "ಮೊದಲ ಕಣ್ಣ ಮುಚ್ಚಾಕ ಬರ್ತಿದ್ದಿಲ್ಲ."

ರೊಟ್ಟಿಯ ಸರದಿ ಬಂತು. ಸಾವಂತ್ರವ್ವ ಪಕ್ಕದಲ್ಲಿ ಕುಳಿತು, ಎಸರಿನಿಂದ ಹಿಡಿದು ಹಂಚಿನ ತನಕ ಕಣ್ಣು ತೆಗೆಯದೆ ನೋಡಿದಳು. ಪರಮಾನಂದನ ಹಣೆಯ ಬೆವರು ಒಲೆಯ ಕಾವಿಗಿಂತ ಮೊದಲೇ ಇಳಿಯಿತು. ಹನ್ನೆರಡು ರೊಟ್ಟಿ ಮಾಡಿದ. ಆಕೆ ಒಂದನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದಳು.

"ದಪ್ಪ ಐತಿ," ಎಂದಳು. ಮೂರು ತಿಂದಳು.

ಮರುದಿನ ಅಳಿಯನನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾನೇ ಕುಳಿತು, ವೀಳ್ಯದೆಲೆಯಷ್ಟು ತೆಳ್ಳಗೆ, ಚಂದ್ರನಷ್ಟು ದುಂಡಗೆ ಬಡಿದು ಮೊಮ್ಮಕ್ಕಳ ತಾಟಿಗೆ ಹಾಕಿದಳು. ಸುಂದರವ್ವ ರೊಟ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಆಯಿ, ಇದಕ್ಕ ತ್ಯಾಪಿ ಎಲ್ಲೈತಿ?"

"ತ್ಯಾಪಿ? ನನ್ನ ರೊಟ್ಟಿಗೆ ಯಾಕ ಬರ್ತೈತೆ ತ್ಯಾಪಿ?"

"ಹಂಗಾರ ನನಗ ಬ್ಯಾಡ. ಅಪ್ಪಾನ ರೊಟ್ಟಿ ಬೇಕ," ಎಂದು ತಾಟು ದೂಡಿದಳು.

ಐವತ್ತು ವರ್ಷ ರೊಟ್ಟಿ ಬಡಿದ ಕೈ. ಇಂಥ ಮಾತು ಕೇಳಿರಲಿಲ್ಲ. ಸಾವಂತ್ರವ್ವ ಒಲೆಯ ಕಡೆಗೆ ತಿರುಗಿ ಕುಳಿತಳು. ಆಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಂದು ಚಿಟಿಕೆ ಹಿಟ್ಟು ಒದ್ದೆ ಮಾಡಿ ಚಂದದ ರೊಟ್ಟಿಯ ನಡುವೆ ಒತ್ತಿದಳು. ಗೋಡೆಯ ಆಚೆಯಿಂದ ಮಾಬುಬಿ ನೋಡಿಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಶ್ರೀಶೈಲಪ್ಪ ಮಾಸ್ತರು ಬಾಗಿಲಲ್ಲಿ ನಿಂತರು. ಸಾವಂತ್ರವ್ವ ಆ ನಿಲ್ಲುವ ರೀತಿ ನೋಡಿಯೇ ತಿಳಿದುಕೊಂಡಳು.

"ಸಾಲದವರು ಇವರ ಏನ್ರಿ, ಅಳಿಯಂದ್ರ?"

ಪರಮಾನಂದನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಜಾಮೀನ ರೀ," ಎಂದ.

"ಬಾಗಲದಾಗ ನಿಂತಾರೋ ಇಲ್ಲೋ?"

"ನಿಂತಾರ್ರಿ."

"ಮುಗೀತು," ಎಂದು ಸಾವಂತ್ರವ್ವ ಎದ್ದು, ಹುಡುಗಿಯರ ಲಂಗ ಜಂಪರುಗಳನ್ನು ಒಂದು ಹಳೆಯ ಸೀರೆಯಲ್ಲಿ ಹಾಕಿ ಗಂಟು ಕಟ್ಟತೊಡಗಿದಳು. ಹೊನ್ನವ್ವ ಅಪ್ಪನ ಮುಖ ನೋಡಿದಳು. ಪರಮಾನಂದ ಕಂಬ ಹಿಡಿದು ನಿಂತಿದ್ದ.

ಮಾಸ್ತರಿಗೆ ಕಸಿವಿಸಿಯಾಯಿತು. "ಯವ್ವಾ, ನಾ ರೊಕ್ಕಕ್ಕ ಬಂದಿಲ್ಲ. ಕಚೇರಿಯಿಂದ ಇನ್ನೊಂದ ಕಾಗದಾ ಬಂದೈತಿ, ಅದನ್ನ ಕೊಡಾಕ ಬಂದೇನಿ," ಎಂದು ಬಿಚ್ಚಿ ಓದಿದರು. ಹಿಂದಿನ ನೋಟೀಸಿಗೆ ಉತ್ತರ ಇಲ್ಲ. ರೇಣವ್ವ ಎಂಬ ಶಿಕ್ಷಕಿ ಕರ್ತವ್ಯ ಬಿಟ್ಟು ಪರಾರಿಯಾಗಿದ್ದಾಳೆಂದು ತಿಳಿದು ಕೆಲಸದಿಂದ ತೆಗೆದುಹಾಕಲಾಗುವುದು ಎಂದು ಇತ್ತು.

ಗಂಟು ಕಟ್ಟುತ್ತಿದ್ದ ಕೈ ನಿಂತಿತು. "ಏನಂದ್ರಿ? ಪರಾರಿ? ಪರಾರಿ ಯಾರು?"

"ರೇಣವ್ವ ಅಂತ ಬರದಾರ."

"ಅಂದ್ರ ನನ್ನ ಮಗಳು ಕೆಲಸಗಳ್ಳಿ ಅಂತೇನು?"

"ಕಾಗದದಾಗ ಹಂಗ ಐತಿ."

ಸಾವಂತ್ರವ್ವನ ಸೆರಗು ಜಾರಿತು. ಅಳಿಯನ ಎದುರು ಅದು ಜಾರಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. "ಅಕಿ ಮೈಯಾಗ ಜ್ವರಾ ಇದ್ರೂ ಸಾಲಿಗೆ ಹೋದಾಕಿ! ಈ ಸಣ್ಣಾಕಿನ್ನ ಹಡದು ನಲವತ್ತ ದಿನಕ್ಕ ಹೋಗಿ ನಿಂತಾಕಿ! ಅಕಿಗೆ ಪರಾರಿ ಅಂತ ಬರದಾಂವ ಯಾಂವ? ಅಳಿಯಂದ್ರ, ಸಿಂದಗಿ ಬಸ್ ಎಷ್ಟಕ್ಕೈತಿ?"

"ಹತ್ತಕ್ಕ ರೀ."

"ಅಂಗಿ ಹಾಕ್ಕೊಳ್ರಿ. ಹುಡುಗ್ಯಾರೂ ಬರ್ಲಿ. ಅಲ್ಲಿಂದ ಹಂಗ ಇಂಡಿ ಬಸ್ ಹಿಡೀತೇನಿ," ಎಂದು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಳು. ಒಂದು ಸಿಟ್ಟಿಗಾಗಿ ಇನ್ನೊಂದು ಹಟ ಬಿಡುವ ಹೆಂಗಸಲ್ಲ.

ಸಿಂದಗಿಯ ಸಾಹೇಬರು ಮೈಸೂರು ಕಡೆಯ ತರುಣರು. ಮಾತು ಬಹಳ ಮೆತ್ತಗೆ. ಈ ಕಡೆಯ ಜನ ಬಂದು ನಮಸ್ಕಾರ ಎಂದರೂ ಅವರಿಗೆ ಬೈದ ಹಾಗೆ ಕೇಳುತ್ತಿತ್ತು. ಬಸಂತರಾಯ ಕಾಗದ ಮುಂದಿಟ್ಟ. ಸಾಹೇಬರು ಕೇಳಿದರು, "ಹೇಳಿ ಅಜ್ಜಿ. ರೇಣವ್ವ, ಸುಮಿತ್ರಾಬಾಯಿ, ಇವರಿಬ್ಬರೂ ಒಬ್ಬರೇನಾ?"

"ಅಲ್ರಿ," ಎಂದಳು ಸಾವಂತ್ರವ್ವ.

ಬಸಂತರಾಯನ ಪೆನ್ನು ನಿಂತಿತು. ಪರಮಾನಂದ ತೋಳಿನಲ್ಲಿದ್ದ ಸುಂದರವ್ವನನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ರೇಣವ್ವ ನನ್ನ ಮಗಳ್ರಿ. ಅಕಿನ್ನ ನಾ ಬಲ್ಲೆ. ಒಂದಿನಾ ಸಾಲಿ ತಪ್ಪಿಸಿದಾಕಿ ಅಲ್ಲ. ಸುಮಿತ್ರಾಬಾಯಿ ಇವರ ಹೇಣ್ತಿ. ಅಕಿ ಸಂಸಾರಾ ಹ್ಯಾಂಗ ಮಾಡಿದ್ಲು ಅಂತ ಇವರನ್ನ ಕೇಳ್ರಿ, ನನಗ ಗೊತ್ತಿಲ್ಲ." ಅಲ್ಲಿಗೆ ಅವಳ ದನಿ ಸ್ವಲ್ಪ ಇಳಿಯಿತು. "ಆದ್ರ ಇಬ್ರೂ ಒಂದ ದಿನಾ ಸತ್ತಾರ್ರಿ. ಒಂದ ಹಾಸಿಗ್ಯಾಗ. ಒಂದ ಸೀರಿ ಉಡಿಸಿ ಮಣ್ಣ ಮಾಡೇವಿ. ನನ್ನ ಕೈಲೇನ ಉಡಿಸೇನಿ. ಬರ್ಕೊಳ್ರಿ."

ಸಾಹೇಬರು ತಾವೇ ಕಾಗದ ತೆಗೆದುಕೊಂಡು ಬರೆದರು.

"ಓದು," ಎಂದಳು ಸಾವಂತ್ರವ್ವ ಹೊನ್ನವ್ವನಿಗೆ. ತನಗೆ ಅಕ್ಷರ ಬಾರದು, ಬೇರೆಯವರ ಓದಿನ ಮೇಲೆ ನಂಬಿಕೆಯೂ ಇಲ್ಲ. ಹೊನ್ನವ್ವ ಬೆರಳು ಇಟ್ಟು, ಒಂದೊಂದೇ ಶಬ್ದ ಹಿಡಿದು ಓದಿದಳು: ಎರಡೂ ಹೆಸರು ಒಬ್ಬಳದೇ, ಅವಳು ಆಗಸ್ಟ್ ಹನ್ನೆರಡರಂದು ತೀರಿಕೊಂಡಳು.

"ಆ ಪರಾರಿ?"

ಸಾಹೇಬರು ಎರಡೂ ನೋಟೀಸಿನ ಮೇಲೆ ಕೆಂಪು ಮಸಿಯಿಂದ ಗೀಟು ಹೊಡೆದು, ರದ್ದು ಎಂದು ಬರೆದು ತೋರಿಸಿದರು. "ಇನ್ನೊಂದ ಗೀಟ ಹೊಡೀರಿ," ಎಂದಳು. ಹೊಡೆದರು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಫಾರಮ್ಮಿನಲ್ಲಿ ಇನ್ನೊಂದು ಸಾಲು ಉಳಿದಿತ್ತು. ಬಸಂತರಾಯ ಕೇಳಿದ, "ಮಕ್ಕಳು ಯಾರ ಹತ್ರ ಇರತಾರ? ಇದರಾಗ ಬರೀಬೇಕಾಗತೈತಿ. ಅಪ್ಪನೋ, ಆಯಿನೋ?"

ಪರಮಾನಂದ ಬಾಯಿ ತೆರೆದ. ಆದರೆ ಅವನ ಮಾತು ಗಂಟಲಿನಿಂದ ಹೊರಡುವುದು ಯಾವಾಗಲೂ ತಡ. ಸುಂದರವ್ವ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಂಗಿಯ ಎಣ್ಣೆಯ ಕಲೆ ಅವಳ ಕೆನ್ನೆಗೆ ಹತ್ತಿತ್ತು. ಸಾವಂತ್ರವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು.

"ಅಪ್ಪಾನ ಹತ್ರ ಬರ್ಕೊಳ್ರಿ," ಎಂದಳು. ಬಸಂತರಾಯ ಬರೆಯತೊಡಗಿದ. "ರೊಟ್ಟಿ ಇನ್ನೂ ದಪ್ಪ ಮಾಡ್ತಾರ. ಅದನ್ನೂ ಬರ್ಕೊಳ್ರಿ."

"ಅದಕ್ಕ ಇದರಾಗ ಜಾಗಾ ಇಲ್ಲವ್ವಾ," ಎಂದ ಬಸಂತರಾಯ.

"ಹಂಗಾರ ಇನ್ನೊಂದ ಕಾಗದಾ ಮಾಡ್ರಿ."

ಹಣ ಅಂದೇ ಬರಲಿಲ್ಲ, ಅದು ಬಂದದ್ದು ಯುಗಾದಿಯ ಹೊತ್ತಿಗೆ. ಫಂಡಿನ ಹಣದಲ್ಲಿ ಸೊಸೈಟಿಯ ಬಾಕಿ ಅಷ್ಟೂ ಮುಟ್ಟಿ, ಮಾಸ್ತರಿಗೆ ಕಡಿತವಾದದ್ದು ಪೈಸೆ ಸಹಿತ ತಿರುಗಿ ಸಿಕ್ಕಿತು. ಅದಾದ ಮೇಲೂ ಅವರು "ಸುಮ್ನ ಬಂದೆ," ಎಂದು ಬರುತ್ತಿದ್ದರು, ಆದರೆ ಕೂರುತ್ತಿದ್ದರು. ಆ ದಿನ ಮಾತ್ರ ಕಚೇರಿಯಿಂದ ಹೊರಬಿದ್ದಾಗ ಪರಮಾನಂದನ ಕಿಸೆಯಲ್ಲಿ ಎರಡು ರೂಪಾಯಿ ಎಂಬತ್ತು ಪೈಸೆ ಇತ್ತು.

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಂಡಿಯ ಬಸ್ಸು ನಿಂತಿತ್ತು. ಸಾವಂತ್ರವ್ವ ಗಂಟನ್ನು ಅಳಿಯನ ಕೈಗೆ ಕೊಟ್ಟಳು. ಕೊಡುವಾಗ ಅವನ ಮುಖ ನೋಡಲಿಲ್ಲ. ಹತ್ತಿ, ಕಿಟಕಿಯ ಹತ್ತಿರ ಕುಳಿತಳು.

ಕಂಡಕ್ಟರ ಬಂದು, ಕೆಳಗಿದ್ದ ಹುಡುಗಿಯರ ಕಡೆ ಕೈಮಾಡಿ, "ಆಯಿ, ಒಂದು ಪೂರ್ತಿ, ಎರಡು ಅರ್ಧಾ ಏನ?" ಎಂದ.

"ಕಣ್ಣ ಕಾಣಸ್ತಾವಿಲ್ಲೋ ನಿನಗ? ಅವರು ಆಲಮೇಲದಾವ್ರು. ಒಂದ ಕೊಡು," ಎಂದು ಅವನ ಮೇಲೆ ಹರಿಹಾಯ್ದಳು. ಕಂಡಕ್ಟರ ಪಾಪ, ತಾನೇನು ತಪ್ಪು ಕೇಳಿದೆನೆಂದು ತಿಳಿಯದೆ ಒಂದು ಹರಿದು ಕೊಟ್ಟ.

ಬಸ್ಸು ಅಲುಗಿತು. ಸಾವಂತ್ರವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಎಸರು ಕುದೀಲಿ ರೀ ಅಳಿಯಂದ್ರ! ಅವಸರಾ ಮಾಡಬ್ಯಾಡ್ರಿ! ಸಣ್ಣಾಕಿಗೆ ಎಣ್ಣಿ ಹಚ್ಚಿ ನೀರ ಹಾಕ್ರಿ, ಸೈಕಲ್ ಎಣ್ಣಿ ಅಲ್ಲ ಮತ್ತ! ಹೊನ್ನಿ ಜಡಿ..."

ಮುಂದಿನದು ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಬಸ್ಸು ತಿರುವು ದಾಟುವ ತನಕ ಅವಳ ಬಾಯಿ ಆಡುತ್ತಲೇ ಇತ್ತು. ಪರಮಾನಂದ, ಒಂದು ತೋಳಲ್ಲಿ ಸಣ್ಣವಳು, ಇನ್ನೊಂದರಲ್ಲಿ ಗಂಟು, ಏನೂ ಕೇಳಿಸದಿದ್ದರೂ, "ಹೌದ್ರಿ, ಹೌದ್ರಿ" ಎನ್ನುತ್ತ ನಿಂತಿದ್ದ.